ಕಾಡಂಚಿನ ಬೇಲಿಯೂ ಲಕ್ಕಮ್ಮನವರ ಅಕ್ಕಿಯೂ

ಒಳಿತಾವುದು, ಕೆಡುಕಾವುದು ಎಂಬ ವಿಚಾರವು ಮಾನವನಿಗೆ ಹೊಸದಲ್ಲ. ಕಳವು, ಕೊಲೆ, ಹುಸಿ ಇವು ಕೆಡುಕೆಂಬುದರಲ್ಲಿ ಯಾವ ದೇಶದವರಿಗೂ ಯಾವ ಮತದವರಿಗೂ ಭಿನ್ನಾಭಿಪ್ರಾಯವಿರುವಂತೆ ತೋರುವುದಿಲ್ಲ. ಇಂತಹ ವಿಷಯಗಳಲ್ಲಿ ಸಂಸಾರಿಯಾದವನಿಗೆ ಶಾಸ್ತ್ರದ ನೆರವು ಬೇಕಿಲ್ಲ. ತನ್ನ ಅಂತಃಕರಣವೊಂದೇ ಸಾಕು. ನೀತಿಶಾಸ್ತ್ರದ ಅಗತ್ಯವು ತಲೆದೋರುವುದು ಒಂದು ಒಳಿತಿಗೂ ಮತ್ತೊಂದು ಒಳಿತಿಗೂ ಹೊಯ್ದಾಟ ಬಿದ್ದಾಗ. ಮನೆಯ ಅನ್ನವನ್ನು ಕಾಯುವುದು ಗೃಹಸ್ಥನ ಧರ್ಮ. ನೆರೆಯವನಿಗೆ ಕೇಡಾಗದಂತೆ ನಡೆಯುವುದೂ ಅವನ ಧರ್ಮ. ಇವೆರಡೂ ಒಂದೇ ಬೇಲಿಯ ಎರಡು ಮಗ್ಗುಲಲ್ಲಿ ನಿಂತಾಗ ಸದ್ಭಕ್ತನು ಯಾವುದನ್ನು ಹಿಡಿಯಬೇಕು?

ಬೇಲಿಯೆಂಬ ಮಾತು ಇಲ್ಲಿ ಕೇವಲ ಉಪಮಾನಕ್ಕಾಗಿ ಬಂದುದಲ್ಲ. ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಕೊಡಗಿಗೆ ಹೋಗುವವರು ಆನೆಚೌಕೂರಿನಲ್ಲಿ ಕಾಡನ್ನು ಹೊಕ್ಕು, ಮತ್ತಿಗೋಡಿನ ಆನೆಶಿಬಿರವನ್ನು ದಾಟಿದ ಮೇಲೆ ಮೊದಲು ಕಾಣುವ ಊರು ತಿತಿಮತಿ. ಇಂದಿನ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಈ ಊರಿನ ಒಂದು ಕಡೆ ನಾಗರಹೊಳೆಯ ಅರಣ್ಯ, ಮತ್ತೊಂದು ಕಡೆ ಗೋಣಿಕೊಪ್ಪಲಿನವರೆಗೂ ಹಬ್ಬಿದ ಕಾಫಿ ತೋಟಗಳು, ನಡುನಡುವೆ ಗದ್ದೆಗಳು, ತೋಟದ ಲೈನ್ ಮನೆಗಳು, ಜೇನುಕುರುಬರ ಮತ್ತು ಎರವರ ಹಾಡಿಗಳು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕೊಡಗಿನದು; ಆ ಕಾಫಿಗೆ ನೆರಳು ಕೊಡುವ ಮರಗಳಲ್ಲಿ ಹಲಸೂ ಒಂದು. ಹಲಸಿನ ಹಣ್ಣಿನ ಕಾಲದಲ್ಲಿ ಅದರ ವಾಸನೆಯನ್ನು ಅರಸಿಯೂ, ಸುಗ್ಗಿಯ ಕಾಲದಲ್ಲಿ ತೆನೆಗಟ್ಟಿದ ಬತ್ತವನ್ನು ಅರಸಿಯೂ ಕಾಡಾನೆಗಳು ಬರುತ್ತವೆ. ಬಂದು ಮರಳುವ ಆನೆಗಳ ಮಾತು ಹಾಗಿರಲಿ. ವರ್ಷವಿಡೀ ತೋಟದಲ್ಲಿಯೇ ತಂಗಿ, ಅಲ್ಲಿಯೇ ಮರಿ ಹಾಕುವ ಆನೆಗಳೂ ಈಗ ಕೊಡಗಿನಲ್ಲಿವೆ.

ಆನೆಯನ್ನು ತಡೆಯಲು ಜನರು ಮಾಡದ ಉಪಾಯವಿಲ್ಲ. ಕಂದಕ ತೋಡಿದರು, ಮಳೆಗಾಲದಲ್ಲಿ ಮಣ್ಣು ಕುಸಿದು ಕಂದಕ ತುಂಬಿತು. ಸೌರವಿದ್ಯುತ್ತಿನ ತಂತಿ ಎಳೆದರು. ವಿದ್ಯುತ್ತು ಹರಿಯದ ಕಂಬವನ್ನೇ ನೂಕಿ ಬೀಳಿಸುವ ಜಾಣ್ಮೆಯನ್ನು ಆನೆ ಕಲಿತುಕೊಂಡಿತು. ಹಳೆಯ ರೈಲು ಕಂಬಿಗಳನ್ನು ಹೂಳಿ ತಡೆ ಕಟ್ಟಿದರು. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ವಲಯದಲ್ಲಿ ಇಂತಹ ಕಂಬಿತಡೆಯನ್ನು ದಾಟಲೆತ್ನಿಸಿದ ಸಲಗವೊಂದು ಅದರ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಇವೆಲ್ಲಕ್ಕಿಂತ ಕ್ರೂರವಾದುದು ಮನೆಯ ವಿದ್ಯುತ್ತನ್ನೇ ನೇರವಾಗಿ ತಂತಿಗೆ ಹರಿಸುವುದು. ಅದು ಆನೆಯನ್ನೂ ಕೊಲ್ಲುತ್ತದೆ, ಕತ್ತಲಲ್ಲಿ ಕಾಲಿಟ್ಟ ಮನುಷ್ಯನನ್ನೂ ಕೊಲ್ಲುತ್ತದೆ. ಅದು ಕಾನೂನಿಗೆ ವಿರುದ್ಧವೆಂಬುದನ್ನು ಅರಿಯದವರು ಯಾರೂ ಇಲ್ಲ. ಆದುದರಿಂದ ಅದರ ಚರ್ಚೆ ಇಲ್ಲಿ ಬೇಡ.

ಚರ್ಚೆಗೆ ಯೋಗ್ಯವಾದುದು ನ್ಯಾಯಸಮ್ಮತವಾದ ಬೇಲಿ. ಒಬ್ಬ ಗೃಹಸ್ಥನು ತನ್ನ ಸ್ವಂತ ಹಣದಿಂದ, ಸರ್ಕಾರದ ನಿಯಮಕ್ಕೆ ಒಳಪಟ್ಟು, ತನ್ನ ನೂರು ಎಕರೆ ತೋಟದ ಸುತ್ತಲೂ ಭದ್ರವಾದ ಬೇಲಿಯನ್ನು ಹಾಕಿಸಿದನೆಂದು ಭಾವಿಸೋಣ. ಆನೆ ಅವನ ತೋಟಕ್ಕೆ ಬರುವುದು ನಿಂತಿತು. ಆನೆಯ ಹಸಿವು ಮಾತ್ರ ನಿಲ್ಲಲಿಲ್ಲ. ಅದು ಬೇಲಿಯನ್ನು ಅನುಸರಿಸಿ ನಡೆದು, ಬೇಲಿ ಮುಗಿದಲ್ಲಿ ಒಂದೆರಡು ಎಕರೆ ಗದ್ದೆಯ ಬಡ ರೈತನ ಬತ್ತದೊಳಕ್ಕೆ ಇಳಿಯಿತು. ಅಥವಾ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದುಬರುತ್ತಿದ್ದ ಎರವರ ಹೆಂಗಸಿನ ಎದುರಿಗೆ ರಸ್ತೆಯ ತಿರುವಿನಲ್ಲಿ ನಿಂತಿತು. ಬೇಲಿ ಹಾಕಿಸಿದವನು ತಪ್ಪು ಮಾಡಿದನೇ? ಈ ಪ್ರಶ್ನೆಯನ್ನು ಮೊದಲು ಪಾಶ್ಚಾತ್ಯ ನೀತಿಶಾಸ್ತ್ರಜ್ಞರ ಮುಂದಿಟ್ಟು, ಬಳಿಕ ಶರಣರ ಸನ್ನಿಧಿಗೆ ತರುವುದು ಉಚಿತ.

ಆಂಗ್ಲ ದೇಶದ ಜೆರೆಮಿ ಬೆಂಥಮ್ ಎಂಬವನು 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಖದುಃಖಗಳನ್ನೇ ನೀತಿಯ ಅಳತೆಗೋಲಾಗಿ ಮಾಡಿದನು. ಯಾವ ಕಾರ್ಯದಿಂದ ಒಟ್ಟು ಸುಖವು ಹೆಚ್ಚುವುದೋ ಅದು ಸರಿ, ಒಟ್ಟು ದುಃಖವು ಹೆಚ್ಚುವುದೋ ಅದು ತಪ್ಪು. ಜಾನ್ ಸ್ಟುಅರ್ಟ್ ಮಿಲ್ಲನು 1861ರಲ್ಲಿ ಈ ವಾದವನ್ನು ತಿದ್ದಿ, ಸುಖಗಳಲ್ಲಿಯೂ ಮೇಲು ಕೀಳುಗಳುಂಟೆಂದು ಹೇಳಿದನು. ಕಾರ್ಯದ ಬೆಲೆಯನ್ನು ಅದರ ಫಲದಿಂದ ಕಟ್ಟುವುದರಿಂದ ಇದನ್ನು ಪರಿಣಾಮವಾದವೆನ್ನಬಹುದು. ಇದನ್ನು ಭೋಗವಾದವೆಂದು ಹೀನೈಸುವ ವಾಡಿಕೆ ನಮ್ಮಲ್ಲಿ ಉಂಟಾದರೂ ಅದು ನ್ಯಾಯವಲ್ಲ. ರಾಜನ ಸುಖವನ್ನೂ ಕೂಲಿಯ ಸುಖವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದವನು ಬೆಂಥಮ್. ಪ್ರಾಣಿಗಳಿಗೆ ತರ್ಕಶಕ್ತಿಯುಂಟೋ ಇಲ್ಲವೋ ಎಂಬುದನ್ನು ಬಿಟ್ಟು ಅವು ನೋವುಣ್ಣಬಲ್ಲವೇ ಎಂದು ಕೇಳಬೇಕೆಂದವನೂ ಅವನೇ. ದಯೆಯನ್ನು ಧರ್ಮದ ಬೇರೆಂದು ನಂಬಿದವರು ಅವನ ಈ ಮಾತಿಗೆ ತಲೆದೂಗದಿರಲಾರರು.

ಈ ತಕ್ಕಡಿಯಲ್ಲಿ ತೂಗಿದರೆ ಬೇಲಿಯ ಗತಿಯೇನು? ನೂರು ಎಕರೆಯ ಕಾಫಿ ಉಳಿಯಿತು, ಎರಡು ಎಕರೆಯ ಬತ್ತ ಹೋಯಿತು. ರೂಪಾಯಿಯ ಲೆಕ್ಕದಲ್ಲಿ ಬೇಲಿಯೇ ಗೆದ್ದಂತೆ ಕಾಣುತ್ತದೆ. ಆದರೆ ಉಳ್ಳವನ ನೂರು ರೂಪಾಯಿ ನಷ್ಟವೂ ಇಲ್ಲದವನ ನೂರು ರೂಪಾಯಿ ನಷ್ಟವೂ ಒಂದೇ ದುಃಖವಲ್ಲವೆಂಬುದನ್ನು ಪರಿಣಾಮವಾದಿಯೇ ಒಪ್ಪುತ್ತಾನೆ. ವರ್ಷದ ಅನ್ನವೇ ಹೋದ ಮನೆಯ ದುಃಖವನ್ನು ಸೇರಿಸಿದೊಡನೆ ತಕ್ಕಡಿ ವಾಲುತ್ತದೆ. ಅಷ್ಟರಮಟ್ಟಿಗೆ ಈ ವಾದವು ಬಡವನ ಪಕ್ಷವೇ ಸರಿ.

ಆದರೆ ಇದೇ ತಕ್ಕಡಿ ಬೇರೊಂದು ಕಡೆ ಎಂತಹ ತೀರ್ಪನ್ನು ಕೊಟ್ಟಿತೆಂಬುದನ್ನು ನೋಡಲು ತಿತಿಮತಿಯಿಂದ ಬಹು ದೂರ ಹೋಗಬೇಕಾಗಿಲ್ಲ. ನಾಗರಹೊಳೆಯು 1955ರಲ್ಲಿ ವನ್ಯಧಾಮವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಯೋಜನೆಗೆ ಸೇರಿ, ಸುಮಾರು 643 ಚದರ ಕಿಲೋಮೀಟರುಗಳ ರಕ್ಷಿತ ಪ್ರದೇಶವಾಯಿತು. ಕಾಡು ಉಳಿದರೆ ಮಳೆಯುಂಟು, ಹೊಳೆಯುಂಟು, ಕಾವೇರಿಯ ನೀರನ್ನು ನಂಬಿದ ಕೋಟ್ಯಂತರ ಜನರಿಗೆ ಬದುಕುಂಟು. ಹುಲಿಯೂ ಆನೆಯೂ ಉಳಿಯುತ್ತವೆ. ಈ ಲಾಭವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಆದರೆ ಅದೇ ಕಾಡಿನೊಳಗೆ ತಲೆತಲಾಂತರದಿಂದ ಇದ್ದ ಜೇನುಕುರುಬರು, ಬೆಟ್ಟಕುರುಬರು, ಎರವರು ಹೊರಕ್ಕೆ ಬರಬೇಕಾಯಿತು. 1990ರ ದಶಕದ ಕೊನೆಯಿಂದೀಚೆಗೆ ಹಲವು ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿಯಾಯಿತು. ಎಷ್ಟೋ ಕುಟುಂಬಗಳು ಕಾಫಿ ತೋಟದ ಲೈನ್ ಮನೆಗಳಲ್ಲಿ ಕೂಲಿಗಳಾಗಿ ಕರಗಿಹೋದುವು. ತಿತಿಮತಿಯ ನೆರೆಯ ಮಾಲ್ದಾರೆಯ ಬಳಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ಎಬ್ಬಿಸಲಾಯಿತು. ದೀರ್ಘ ಹೋರಾಟದ ಬಳಿಕ ಅವರಲ್ಲಿ ಅನೇಕರಿಗೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಿರಿಯರ ಜಾಗಕ್ಕೆ ಮರಳಿ ಹೋದುವು. ಅದು ತಮ್ಮ ಹಿರಿಯರನ್ನು ಹೂಳಿದ ನೆಲವೆಂಬುದು ಅವರ ವಾದ.

ಕೋಟಿ ಜನರ ನೀರನ್ನು ಒಂದು ತಟ್ಟೆಯಲ್ಲಿಯೂ ಕೆಲವು ಸಾವಿರ ಜನರ ಮನೆಗಳನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟರೆ ಫಲವೇನೆಂಬುದನ್ನು ಕೂಸೂ ಹೇಳಬಲ್ಲುದು. ಪರಿಣಾಮವಾದದ ದೌರ್ಬಲ್ಯವಿರುವುದು ಇಲ್ಲಿಯೇ. ಅದು ದುಃಖದ ಮೊತ್ತವನ್ನು ಕೇಳುತ್ತದೆ. ದುಃಖವು ಯಾರ ಪಾಲಿಗೆ ಬಿತ್ತು, ಅವರ ಒಪ್ಪಿಗೆಯಿತ್ತೇ, ಆ ಪಾಲು ಪ್ರತಿಸಾರಿಯೂ ಅವರಿಗೇ ಏಕೆ ಬೀಳುತ್ತದೆ ಎಂಬುದನ್ನು ಕೇಳಲು ಮರೆಯುತ್ತದೆ. ಆದಿವಾಸಿಗಳು ಹೊರಕ್ಕೆ ಬಾರದೆ ಕಾಡು ಉಳಿಯಲಾರದೆಂಬ ಊಹೆಯೂ ಪರೀಕ್ಷೆಗೆ ಒಳಗಾಗಬೇಕಾದುದೇ. 2006ರ ಅರಣ್ಯ ಹಕ್ಕು ಕಾಯಿದೆಯು ಹಕ್ಕುಗಳನ್ನು ಮೊದಲು ಗುರುತಿಸಬೇಕು, ಗ್ರಾಮಸಭೆಯ ಸಮ್ಮತಿಯನ್ನು ಪಡೆಯಬೇಕು ಎಂದು ವಿಧಿಸಿದುದು ತಕ್ಕಡಿಯ ಈ ಮರೆವನ್ನು ತಿದ್ದುವುದಕ್ಕಾಗಿಯೇ ಎಂದು ತಿಳಿಯಬೇಕು.

ಜರ್ಮನ್ ತತ್ತ್ವಜ್ಞಾನಿ ಇಮ್ಯಾನ್ಯುಅಲ್ ಕಾಂಟನ ದಾರಿ ಇದಕ್ಕೆ ವಿರುದ್ಧವಾದುದು. 1785ರ ತನ್ನ ಗ್ರಂಥದಲ್ಲಿ ಅವನು ಫಲವನ್ನು ಬದಿಗಿರಿಸಿ ಸಂಕಲ್ಪವನ್ನು ಪರೀಕ್ಷಿಸಿದನು. ನೀನು ಯಾವ ಸೂತ್ರವನ್ನು ಹಿಡಿದು ನಡೆಯುತ್ತಿರುವೆಯೋ ಅದನ್ನು ಎಲ್ಲರೂ ಹಿಡಿದು ನಡೆಯಲೆಂದು ಬಯಸಬಲ್ಲೆಯಾ ಎಂಬುದು ಅವನ ಮೊದಲ ಪರೀಕ್ಷೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸದೆ ಗುರಿಯಾಗಿಯೂ ಕಾಣುತ್ತಿರುವೆಯಾ ಎಂಬುದು ಎರಡನೆಯದು. ಮೊದಲ ಪರೀಕ್ಷೆಯನ್ನು ತಿತಿಮತಿಯ ಬೇಲಿಗೆ ಹಚ್ಚಿದರೆ ಆಶ್ಚರ್ಯಕರವಾಗಿ ಹೊಂದುತ್ತದೆ. ಎಲ್ಲರೂ ತಮ್ಮ ತಮ್ಮ ತೋಟಕ್ಕೆ ಭದ್ರವಾದ ಬೇಲಿಯನ್ನು ಹಾಕಿಸಿದರೆ ಆನೆಗೆ ರಸ್ತೆಯೊಂದೇ ಉಳಿಯುತ್ತದೆ. ಆ ರಸ್ತೆಯಲ್ಲಿ ನಡೆಯುವವರು ಕೂಲಿಗಾರರು ಮತ್ತು ಶಾಲೆಯ ಮಕ್ಕಳು. ಬೇಲಿ ಹಾಕಿಸಿದವನ ಸುಖವು ನೆರೆಯವನು ಬೇಲಿ ಹಾಕಿಸದಿರುವುದರ ಮೇಲೆಯೇ ನಿಂತಿದೆ. ಎಲ್ಲರಿಗೂ ಅನ್ವಯಿಸಿದೊಡನೆ ಕುಸಿದುಬೀಳುವ ಸೂತ್ರವು ಧರ್ಮಸೂತ್ರವಾಗಲಾರದೆಂದು ಕಾಂಟನು ಹೇಳಿಯಾನು.

ಎರಡನೆಯ ಪರೀಕ್ಷೆ ಇನ್ನೂ ಹರಿತ. ಕೊಡಗಿನಲ್ಲಿ ಆನೆಯ ತುಳಿತಕ್ಕೆ ಸಿಕ್ಕಿದವರಲ್ಲಿ ತೋಟದ ಕೆಲಸಗಾರರು ಬಹುಮಂದಿ. ನಸುಕಿನಲ್ಲಿ ನಡೆದು ಕೆಲಸಕ್ಕೆ ಬರುವವರು ಅವರು. ಕಾಫಿಯ ಗಿಡಗಳ ನಡುವೆ ನಾಲ್ಕು ಮಾರು ದೂರದಲ್ಲಿ ನಿಂತ ಆನೆಯೂ ಕಾಣದಂತಹ ಜಾಗದಲ್ಲಿ ಹಣ್ಣು ಕೊಯ್ಯುವವರು ಅವರು. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ದಿನದ ಕೂಲಿ ಮುರಿಯುವುದಾಗಿ ಹೇಳುವ ಯಜಮಾನನು, ಆನೆ ಬಂದ ಸುದ್ದಿ ತಿಳಿದಿದ್ದೂ ಅವರನ್ನು ನಡೆದೇ ಬರುವಂತೆ ಮಾಡಿದರೆ, ಅವನು ಅವರನ್ನು ಸಾಧನವಾಗಿ ಕಂಡನೇ, ಮನುಷ್ಯರಾಗಿ ಕಂಡನೇ? ಇದಕ್ಕೆ ಹೆಚ್ಚಿನ ವಿವರಣೆ ಬೇಕಾಗಿಲ್ಲ. ಎರವ ಮೊದಲಾದವರನ್ನು ಸಾಲದ ಹೆಸರಿನಲ್ಲಿ ಜೀತಕ್ಕೆ ಕಟ್ಟಿಕೊಳ್ಳುವ ಪದ್ಧತಿಯನ್ನು 1976ರ ಕಾಯಿದೆಯು ನಿಷೇಧಿಸಿತು. ಆ ಹಳೆಯ ದೃಷ್ಟಿಯ ಜಾಡು ಮನಸ್ಸಿನಿಂದ ಅಳಿಯಲು ಕಾಯಿದೆಯೊಂದೇ ಸಾಲದು.

ಆದರೂ ಕಾಂಟನಲ್ಲಿ ಒಂದು ಕೊರತೆಯುಂಟು. ಅವನ ಧರ್ಮವು ವಿವೇಕವುಳ್ಳ ಜೀವಿಗಳ ನಡುವಣ ಧರ್ಮ. ಪ್ರಾಣಿಯನ್ನು ಹಿಂಸಿಸಬಾರದೆಂದು ಅವನೂ ಹೇಳುತ್ತಾನೆ. ಆದರೆ ಹಿಂಸಿಸಿದವನ ಮನಸ್ಸು ಕಲ್ಲಾಗಿ ಮುಂದೆ ಮನುಷ್ಯರನ್ನೂ ಹಿಂಸಿಸಿಯಾನೆಂಬುದು ಅವನು ಕೊಡುವ ಕಾರಣ. ಕಂಬಿಯ ಮೇಲೆ ಸಿಕ್ಕಿಕೊಂಡು ಸತ್ತ ಆನೆಗೆ ಅವನ ಶಾಸ್ತ್ರದಲ್ಲಿ ತನ್ನದೇ ಆದ ಸ್ಥಾನವಿಲ್ಲ. ಕರ್ತವ್ಯ ಕರ್ತವ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಏನು ಮಾಡಬೇಕೆಂಬುದಕ್ಕೂ ಅವನಲ್ಲಿ ತೃಪ್ತಿಕರವಾದ ಉತ್ತರ ದೊರೆಯದು. ಅದನ್ನು ಮುಂದೆ 1930ರಲ್ಲಿ ಡಬ್ಲ್ಯು. ಡಿ. ರಾಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ಎತ್ತಿಕೊಂಡನು. ಕೃತಜ್ಞತೆ, ವಚನಪಾಲನೆ, ಪರಹಿತ, ಅಹಿಂಸೆ ಮೊದಲಾದ ಕರ್ತವ್ಯಗಳು ಹಲವು. ಯಾವ ಸಂದರ್ಭದಲ್ಲಿ ಯಾವುದು ಮುಂದೆ ನಿಲ್ಲಬೇಕೆಂಬುದನ್ನು ಸೂತ್ರವು ಹೇಳಲಾರದು, ಪಕ್ವವಾದ ಬುದ್ಧಿಯೇ ಹೇಳಬೇಕು ಎಂದನು.

ಆ ಪಕ್ವಬುದ್ಧಿಯ ಮಾತನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲನು ಆಡಿದ್ದನು. ಅವನ ಮತದಲ್ಲಿ ಮೊದಲ ಪ್ರಶ್ನೆ ಏನು ಮಾಡಬೇಕೆಂಬುದಕ್ಕಿಂತ ಎಂತಹವನಾಗಬೇಕೆಂಬುದು. ಅಭ್ಯಾಸದಿಂದ ಶೀಲ, ಶೀಲದಿಂದ ಸರಿಯಾದ ಕಾರ್ಯ. 1958ರಲ್ಲಿ ಎಲಿಜಬೆತ್ ಆನ್ಸ್‌ಕೋಂಬ್ ಎಂಬ ವಿದುಷಿಯ ಲೇಖನವೊಂದರಿಂದ ಈ ವಾದಕ್ಕೆ ಪಶ್ಚಿಮದಲ್ಲಿ ಮತ್ತೆ ಕಳೆ ಬಂದಿತು. ಶರಣರ ಆಚಾರಕ್ಕೆ ಇದು ಬಹಳ ಹತ್ತಿರವೆಂದು ಹಲವರು ಹೇಳುವುದುಂಟು. ಹತ್ತಿರವೇನೋ ಹೌದು. ಆದರೆ ಅರಿಸ್ಟಾಟಲನ ಸದ್ಗುಣಿಯು ಬಿಡುವೂ ಸಂಪತ್ತೂ ಉಳ್ಳ ಪೌರನು. ಅವನ ಮನೆಯಲ್ಲಿ ಗುಲಾಮರು ದುಡಿಯುತ್ತಿದ್ದರು, ಅದನ್ನು ಅವನು ಸಮರ್ಥಿಸಿಯೂ ಇದ್ದನು. ಕಲ್ಯಾಣದ ಅನುಭವ ಮಂಟಪದಲ್ಲಿ ಕುಳಿತವರು ಹಗ್ಗ ಹೊಸೆಯುವವರು, ಬಟ್ಟೆ ಮಡಿ ಮಾಡುವವರು, ಚಪ್ಪಲಿ ಹೊಲಿಯುವವರು. ಈ ಅಂತರವನ್ನು ಸಣ್ಣದೆನ್ನಲಾಗದು.

ಇನ್ನು ಶರಣರ ಮಾತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ವೃತ್ತಾಂತವನ್ನು ವಾಚಕರು ಬಲ್ಲರು. ಆದರೂ ಅದನ್ನು ನೀತಿಶಾಸ್ತ್ರದ ಒಂದು ಸಮಸ್ಯೆಯಾಗಿ ಇನ್ನೊಮ್ಮೆ ಪರಿಶೀಲಿಸುವುದು ಅಗತ್ಯ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹವನ್ನು ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಬಸವಣ್ಣನವರೇ ಅವರ ನಿಷ್ಠೆಯನ್ನು ಪರೀಕ್ಷಿಸಲು ಅಂಗಳದಲ್ಲಿ ಹೆಚ್ಚಾಗಿ ಚೆಲ್ಲಿಸಿದ್ದರೆಂದು ಪರಂಪರೆ ಹೇಳುತ್ತದೆ. ಲಕ್ಕಮ್ಮನವರು ಅಕ್ಕಿಯನ್ನು ಕಂಡೊಡನೆ, ಇದು ನಮ್ಮ ಇಂದಿನ ಅಗತ್ಯಕ್ಕೆ ಮೀರಿದುದು, ಇದರಲ್ಲಿ ಆಶೆಯ ಸೋಂಕಿದೆ, ತಂದಲ್ಲಿಯೇ ಚೆಲ್ಲಿ ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು.

ಈ ತೀರ್ಪು ಸರಿಯೇ? ಪರಿಣಾಮವಾದಿಯನ್ನು ಕೇಳಿದರೆ ಅವನು ಅಲ್ಲವೆನ್ನುತ್ತಾನೆ. ಹೆಚ್ಚಿನ ಅಕ್ಕಿಯಿಂದ ಇನ್ನಷ್ಟು ಜನರು ಉಣ್ಣುತ್ತಿದ್ದರು; ಯಾರಿಗೂ ನಷ್ಟವಾಗುತ್ತಿರಲಿಲ್ಲ. ಕಾಂಟನನ್ನು ಕೇಳಿದರೆ ಅವನೂ ತಡವರಿಸುತ್ತಾನೆ. ಅಲ್ಲಿ ಕಳವಿಲ್ಲ, ಹುಸಿಯಿಲ್ಲ, ಯಾರ ಹಕ್ಕಿಗೂ ಚ್ಯುತಿಯಿಲ್ಲ. ಚೆಲ್ಲಿದ ಅಕ್ಕಿ ಯಾರದೂ ಅಲ್ಲ. ಅರಿಸ್ಟಾಟಲನು ಮಿತವ್ಯಯವೆಂಬ ಗುಣವನ್ನು ಹೊಗಳಿಯಾನು, ಆದರೆ ದಾನಕ್ಕೆ ಒದಗುವ ಸಾಮಗ್ರಿಯನ್ನು ಚೆಲ್ಲುವುದನ್ನು ಒಪ್ಪಲಾರನು. ಮೂರು ಶಾಸ್ತ್ರಗಳೂ ಇಟ್ಟುಕೊಳ್ಳಬಹುದೆಂದು ಹೇಳುವ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದುದೇಕೆ?

ಆಶೆಯಿಂದ ಚಿತ್ತವು ಕೆಡುವುದೆಂಬ ಉತ್ತರವು ಎಲ್ಲರಿಗೂ ತಿಳಿದುದೇ. ಅದು ನಿಜವೂ ಹೌದು. ಅದರೊಡನೆ ಇನ್ನೊಂದು ಅರ್ಥವನ್ನೂ ಕಾಣಬಹುದು. ಚೆಲ್ಲಿದ ಅಕ್ಕಿ ಯಾರದೂ ಅಲ್ಲವೆಂಬ ಮಾತು ಎಷ್ಟರಮಟ್ಟಿಗೆ ನಿಜ? ಅಂಗಳದಲ್ಲಿ ಬಿದ್ದ ಕಾಳಿಗೆ ಗುಬ್ಬಿಯುಂಟು, ಇರುವೆಯುಂಟು, ಮಾರಯ್ಯನವರಂತೆಯೇ ಆಯ್ದು ತಿನ್ನುವ ಇನ್ನೊಬ್ಬ ಬಡವನುಂಟು. ಯಜಮಾನನಿಲ್ಲದ ವಸ್ತುವು ಎಲ್ಲಿಯೂ ಇಲ್ಲ. ಬಾಯಿಲ್ಲದ ಯಜಮಾನನಿರುವ ವಸ್ತುವು ಮಾತ್ರ ಉಂಟು. ದಾಸೋಹವೆಂಬ ಪುಣ್ಯಕಾರ್ಯದ ಹೆಸರಿನಲ್ಲಿ ಅಂತಹವರ ಪಾಲನ್ನು ಒಳಕ್ಕೆಳೆದುಕೊಂಡರೆ ಉಂಡವರ ಸಂಖ್ಯೆ ಹೆಚ್ಚಬಹುದು, ಆದರೆ ಉಣಿಸಿದುದು ಯಾರ ಅನ್ನವನ್ನು? ಪಾಶ್ಚಾತ್ಯರ ತಕ್ಕಡಿಯು ವಸ್ತುವು ಎಲ್ಲಿಗೆ ಹೋಯಿತೆಂಬುದನ್ನು ತೂಗುತ್ತದೆ. ಲಕ್ಕಮ್ಮನವರು ಅದು ಎಲ್ಲಿಂದ ಬಂದಿತೆಂದು ಮೊದಲು ಕೇಳಿದರು.

ಕಾಡಂಚಿನ ಬದುಕಿಗೆ ಈ ಪ್ರಶ್ನೆ ಹತ್ತಿರದ್ದು. ಕಾಡನ್ನು ಯಾರದೂ ಅಲ್ಲವೆಂದು ತಿಳಿದು ಮರ ಕಡಿದರು. ಆನೆಯ ಹಾದಿಯನ್ನು ಯಾರದೂ ಅಲ್ಲವೆಂದು ತಿಳಿದು ತೋಟ ಮಾಡಿದರು. ಹಾಡಿಯ ನೆಲಕ್ಕೆ ಕಾಗದವಿಲ್ಲವಾದುದರಿಂದ ಅದನ್ನೂ ಯಾರದೂ ಅಲ್ಲವೆಂದು ತಿಳಿದರು. ಲಿಂಗಧಾರಿಗಳಾದ ಹಾಲೇರಿಯ ಅರಸರು 1834ರವರೆಗೆ ಕೊಡಗನ್ನು ಆಳಿದರು. ಆ ಕಾಲದ 1822ರ ಶಾಸನವೊಂದು ಮೂವತ್ತೆಂಟು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಆನೆಗಳನ್ನು ಕೊಂದುದನ್ನು ಪರಾಕ್ರಮವೆಂದು ಸಾರುತ್ತದೆ. ಕೊರಳಲ್ಲಿ ಲಿಂಗವಿದ್ದ ಮಾತ್ರಕ್ಕೆ ದಯೆ ತಾನಾಗಿ ಬರುವುದಿಲ್ಲವೆಂಬುದಕ್ಕೆ ಆ ಕಲ್ಲಿಗಿಂತ ಬೇರೆ ಸಾಕ್ಷಿ ಬೇಡ. ಇಂದಿನವರು ಅವರನ್ನು ಜರೆಯುವ ಮುನ್ನ ಒಂದನ್ನು ನೆನೆಯಬೇಕು. ಮತ್ತಿಗೋಡು ಶಿಬಿರದ ಅಭಿಮನ್ಯುವು 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತು ಸಾಗಿದಾಗ ಲಕ್ಷಾಂತರ ಕೈಗಳು ಮುಗಿದುವು. ಅದೇ ಜಾತಿಯ ಪ್ರಾಣಿ ಬೇಲಿಯ ಬಳಿ ಬಂದಾಗ ಬಾಯಿಂದ ಬೀಳುವುದು ಶಾಪ.

ಆದರೆ ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಅದನ್ನು ಅಲಕ್ಷಿಸುವಂತಿಲ್ಲ. ಎರಡೆಕರೆಯ ರೈತನ ಮುಂದೆ ನಿಂತು, ನಾಳೆಯ ಬತ್ತದ ಆಶೆಯನ್ನು ಬಿಡು, ಆನೆಗೂ ಪಾಲುಂಟು ಎಂದು ಲಕ್ಕಮ್ಮನವರ ಹೆಸರಿನಲ್ಲಿ ಬೋಧಿಸಬಹುದೇ? ರಾತ್ರಿಯೆಲ್ಲ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತು, ಡಬ್ಬ ಬಡಿದು, ಬೆಳಗಾಗುವುದರೊಳಗೆ ವರ್ಷದ ಅನ್ನವನ್ನು ಕಳೆದುಕೊಂಡವನಿಗೆ ಆ ಬೋಧನೆ ಕಾದ ಎಣ್ಣೆಯಂತೆ ತೋರೀತು. ನಗರದಲ್ಲಿದ್ದು ಆನೆಯ ಚಿತ್ರವನ್ನು ನೋಡಿ ಮೆಚ್ಚುವವರು ಅವನಿಗೆ ತ್ಯಾಗವನ್ನು ಕಲಿಸಲು ಹೊರಡುವುದಂತೂ ನಗೆಗೀಡು.

ಈ ಆಕ್ಷೇಪಕ್ಕೆ ಉತ್ತರವು ವೃತ್ತಾಂತದ ಒಳಗೇ ಇದೆ. ಲಕ್ಕಮ್ಮನವರು ತಮ್ಮ ಮನೆಯ ಅಕ್ಕಿಯನ್ನು ಹಿಂದಿರುಗಿಸಿದರು. ನೆರೆಮನೆಯವಳ ಮಡಕೆಯಲ್ಲಿ ಇಣುಕಿ ನೋಡಿ, ನಿನ್ನಲ್ಲಿ ಹೆಚ್ಚಿದೆ, ಚೆಲ್ಲು ಎನ್ನಲಿಲ್ಲ. ನಿರ್ಧಾರವನ್ನು ಮಾಡಿದವರೂ ಅದರ ಬೆಲೆಯನ್ನು ತೆತ್ತವರೂ ಒಬ್ಬರೇ. ಹರಳಯ್ಯ ಮಧುವರಸರ ಪ್ರಸಂಗವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರರ ಮಗನಿಗೂ ಬ್ರಾಹ್ಮಣ ಮನೆತನದ ಮಗಳಿಗೂ ಲಗ್ನವಾದುದರ ಫಲವನ್ನು ಕೇವಲ ತಕ್ಕಡಿಯಲ್ಲಿ ತೂಗಿದರೆ ಅದು ಘೋರ: ಮರಣದಂಡನೆ, ದಂಗೆ, ಶರಣರ ಚದುರುವಿಕೆ. ಬೆಂಥಮನು ಆ ಲಗ್ನ ಬೇಡವಾಗಿತ್ತೆಂದಾನು. ಶರಣರು ಹಾಗೆಂದೂ ಹೇಳಲಿಲ್ಲ. ಏಕೆಂದರೆ ಹರಳಯ್ಯನವರೂ ಮಧುವರಸರೂ ತಾವು ನಂಬಿದ ಸಮತೆಯ ಬೆಲೆಯನ್ನು ತಮ್ಮ ದೇಹದಿಂದ ತೆತ್ತರು; ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ ತಾವು ಸುಖವಾಗಿ ಉಳಿಯಲಿಲ್ಲ.

ಹೀಗೆ ನೋಡಿದರೆ ಶರಣರ ನೀತಿಯಲ್ಲಿ ಲೆಕ್ಕಕ್ಕೂ ಸ್ಥಾನವುಂಟು, ಕರ್ತವ್ಯಕ್ಕೂ ಸ್ಥಾನವುಂಟು, ಶೀಲಕ್ಕೂ ಸ್ಥಾನವುಂಟು. ಆದರೆ ಲೆಕ್ಕ ಹಾಕುವವನ ಕೈ ಮೊದಲು ತನ್ನ ಮಡಕೆಯೊಳಕ್ಕೆ ಹೋಗಬೇಕು. ನಾಗರಹೊಳೆಯ ಹಾಡಿಗಳ ವಿಷಯದಲ್ಲಿ ತಪ್ಪಿದುದು ಇದೇ. ಕಾಡನ್ನು ಉಳಿಸಬೇಕೆಂದು ತೀರ್ಮಾನಿಸಿದವರ ಮನೆ ಕಾಡಿನಲ್ಲಿರಲಿಲ್ಲ. ಮನೆ ಕಳೆದುಕೊಂಡವರು ತೀರ್ಮಾನಿಸುವ ಸಭೆಯಲ್ಲಿರಲಿಲ್ಲ. ಆ ತೀರ್ಮಾನವು ಫಲದಿಂದ ಸರಿಯೆನಿಸಿದರೂ, ಜೇನುಕುರುಬನ ಪಾಲಿಗೆ ಅದು ಇನ್ನೊಬ್ಬರು ಅವನ ಮಡಕೆಯಿಂದ ಅಕ್ಕಿಯನ್ನು ತೆಗೆದು ಚೆಲ್ಲಿದಂತೆಯೇ ಆಯಿತು.

ಇನ್ನು ಬೇಲಿ ಹಾಕಿಸಿದ ಗೃಹಸ್ಥನ ಬಳಿಗೆ ಮರಳಿದರೆ, ಬೇಲಿಯನ್ನು ಕಿತ್ತುಹಾಕೆಂದು ಶರಣಧರ್ಮವು ಅವನಿಗೆ ಹೇಳುವಂತೆ ತೋರುವುದಿಲ್ಲ. ಸಂಸಾರವನ್ನು ಕಾಯುವುದು ಪಾಪವಲ್ಲ. ಬೇಲಿಯಿಂದ ತನಗೆ ಉಳಿದ ಬೆಳೆಯಲ್ಲಿ ಎಷ್ಟು ಭಾಗವು ತನ್ನ ದುಡಿಮೆಯದು, ಎಷ್ಟು ಭಾಗವು ಬೇಲಿಯ ಆಚೆಯವನ ನಷ್ಟದಿಂದ ಬಂದುದು ಎಂಬುದನ್ನು ಮಾತ್ರ ಅವನು ಕೇಳಿಕೊಳ್ಳಬೇಕಾಗುತ್ತದೆ. ಆ ಎರಡನೆಯ ಭಾಗವು ಲಕ್ಕಮ್ಮನವರ ಮಾತಿನಲ್ಲಿ ಹೆಚ್ಚಿನ ಅಕ್ಕಿ. ಅದನ್ನು ಮಠದ ಹುಂಡಿಗೆ ಹಾಕಿದರೆ, ಜಾತ್ರೆಯ ದಾಸೋಹಕ್ಕೆ ಮೂಟೆಗಟ್ಟಲೆ ಅಕ್ಕಿ ಕಳುಹಿಸಿದರೆ ಋಣ ತೀರಿತೆಂದು ತಿಳಿಯುವವರುಂಟು. ಲಕ್ಕಮ್ಮನವರ ಮನೆಯಲ್ಲಿಯೂ ಅಕ್ಕಿ ಹೋಗುತ್ತಿದ್ದುದು ದಾಸೋಹಕ್ಕೇ ಎಂಬುದನ್ನು ಅಂತಹವರು ಮರೆಯುತ್ತಾರೆ. ದಾಸೋಹಕ್ಕಾಗಿ ತಂದ ಅಕ್ಕಿಯೂ ಹಿಂದಕ್ಕೆ ಹೋಯಿತು. ಅದು ಹೋದುದು ತಂದ ಅಂಗಳಕ್ಕೆ.

ತಿತಿಮತಿಯಲ್ಲಿ ಆ ಅಂಗಳವು ಯಾವುದೆಂಬುದನ್ನು ಹುಡುಕುವುದು ಕಷ್ಟವಲ್ಲ. ನಸುಕಿನಲ್ಲಿ ಕೆಲಸಗಾರರನ್ನು ನಡೆಸದೆ ವಾಹನದಲ್ಲಿ ಕರೆತರುವುದು. ಆನೆ ಸುಳಿದ ದಿನ ಕೆಲಸ ನಿಂತರೂ ಕೂಲಿಯನ್ನು ಮುರಿಯದಿರುವುದು. ಹಲಸಿನ ಕಾಯಿಗಳನ್ನು ಹಣ್ಣಾಗುವ ಮುನ್ನವೇ ಇಳಿಸುವುದು, ಇಳಿಸಿದುದನ್ನು ನೆರೆಯವನ ಬೇಲಿಯ ಬದಿಗೆ ಸುರಿಯದಿರುವುದು. ಕತ್ತಲಾದ ಮೇಲೆ ಮರಳುವ ಮಕ್ಕಳಿಗೆ ದಾರಿಯಲ್ಲಿ ದೀಪವನ್ನಿಡುವುದು. ಇವುಗಳಲ್ಲಿ ಯಾವುದೂ ಆನೆಯನ್ನು ಕಾಡಿಗೆ ಕಳುಹಿಸದು. ಆದರೆ ಒಬ್ಬನ ಕಾಫಿಯ ಬೆಲೆಯನ್ನು ಇನ್ನೊಬ್ಬನು ಜೀವದಿಂದ ತೆರುವುದನ್ನು ಇವು ತಕ್ಕಮಟ್ಟಿಗೆ ತಡೆಯುತ್ತವೆ.

ಬೇಲಿಯ ಮಾತೇ ಬಂದರೆ, ಒಬ್ಬೊಬ್ಬನು ತನ್ನ ತೋಟದ ಸುತ್ತ ಹಾಕಿಕೊಳ್ಳುವುದಕ್ಕೆ ಬದಲು ಕಾಡಂಚಿನ ಉದ್ದಕ್ಕೂ ಊರವರೆಲ್ಲ ಸೇರಿ ಒಂದೇ ಬೇಲಿಯನ್ನು ಕಟ್ಟಿ ಕಾಯುವುದು ಮೇಲೆಂದು ಬಲ್ಲವರು ಹೇಳುತ್ತಾರೆ. ಹಾಗೆ ಕಟ್ಟುವಾಗ ಹಾಡಿಯು ಬೇಲಿಯ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಹಾಡಿಯವರನ್ನೇ ಕೇಳಬೇಕು. ಆನೆಯು ನೀರಿಗೆ ಹೋಗುವ ಹಾದಿ ಯಾವುದೆಂಬುದನ್ನೂ ಅವರೇ ಬಲ್ಲರು. ಉಳಿಯುವುದು ವೆಚ್ಚದ ಪ್ರಶ್ನೆ. ಮನೆಗಿಷ್ಟೆಂದು ಎತ್ತುವುದೋ, ಎಕರೆಗಿಷ್ಟೆಂದು ಎತ್ತುವುದೋ? ಮನೆಗಿಷ್ಟೆಂದರೆ ಎರಡೆಕರೆಯವನೂ ನೂರೆಕರೆಯವನೂ ಸಮವಾಗಿ ಕೊಡಬೇಕಾಗುತ್ತದೆ. ಎಕರೆಗಿಷ್ಟೆಂದರೆ ದೊಡ್ಡ ತೋಟದವರಲ್ಲಿ ಕೆಲವರು ಸಭೆಯಿಂದ ಎದ್ದು ಹೋಗಬಹುದು. ಹಾಗೆ ಎದ್ದು ಹೋಗುವವರ ಮನೆಯಲ್ಲಿ ಗಂಡನನ್ನು ಹಿಂದಕ್ಕೆ ಕಳುಹಿಸುವ ಒಬ್ಬ ಗೃಹಿಣಿಯಾದರೂ ಇದ್ದಾಳೆಯೇ ಎಂಬುದರ ಮೇಲೆ ಆ ಬೇಲಿ ನಿಲ್ಲುವುದೂ ಬೀಳುವುದೂ ಇದೆ.